ಗಂಟೆಯ ಲೆಕ್ಕ

ಈ ಜಾತಿಯ ಗಾಡಿಯ ವಯಸ್ಸನ್ನು
ಕಿಲೋಮೀಟರಿನಲ್ಲಿ ಕೇಳಬಾರದು.
ಒದ್ದೆ ಬಂಡೆಯ ಮೇಲೆ ಹಿಂದಿನ ಚಕ್ರ
ಗಿರ್ರನೆ ಸುತ್ತಿ ಸುತ್ತಿ, ಗಾಡಿ
ಒಂದು ಗೇಣೂ ಮುಂದೆ ಸರಿಯದ ದಿನಗಳಿವೆ;
ಪಿಸ್ಟನ್ನು ಆಗಲೂ ಸವೆಯುತ್ತದೆ.
ಅದಕ್ಕೇ ಹ್ಯಾಂಡಲಿನ ಬುಡದಲ್ಲಿ
ಹೆಬ್ಬೆರಳ ಉಗುರಿನಷ್ಟು ಒಂದು ಮೀಟರು,
ಗಂಟೆ ಎಣಿಸುತ್ತ.

ಜೆರ್ವಾಸಿಯೊ ನನಗೆ ಮಾರುವಾಗ
ಗಾಡಿಯ ಜೊತೆ ಒಂದು ನೀಲಿ ರಟ್ಟಿನ ಪುಸ್ತಕ ಕೊಟ್ಟ.
ಹದಿನೈದನೇ ಗಂಟೆ: ಗೇರ್ ಆಯಿಲ್.
ನಲವತ್ತು: ಹಿಂದಿನ ಲಿಂಕಿಗೆ ಗ್ರೀಸು, ಮೂರು ಕಡ್ಡಿ ಬದಲು.
ಎಂಬತ್ತು: ಪಿಸ್ಟನ್, ರಿಂಗು, ಹೊಸದು.
ಮುತ್ತಿನಂಥ ಅಕ್ಷರ. ಕೆಳಗೆ ಗೆರೆ.
ಬೆರ್ಗಾಮೊದ ಮೇಲಿನ ಕಣಿವೆಯಲ್ಲಿ, ನಮ್ಮೂರಲ್ಲಿ,
ಚರ್ಚಿನ ಗಂಟೆ ಬಾರಿಸುವವನು ಅವನೇ.
ಗಂಟೆ ಬಾರಿಸುವವನ ಗಂಟೆಯ ಲೆಕ್ಕ
ತಪ್ಪುವುದುಂಟೆ ಎಂದುಕೊಂಡು
ನೋಟು ಎಣಿಸಿ ಕೊಟ್ಟೆ.

ನಾನು ರೊಟ್ಟಿ ಸುಡುವವಳು. ರಾತ್ರಿ ಎರಡಕ್ಕೆ ಎದ್ದು
ಹಿಟ್ಟು ನಾದಿ, ಹತ್ತಕ್ಕೆ ಅಂಗಡಿಯನ್ನು ಚಿಕ್ಕಮ್ಮನಿಗೊಪ್ಪಿಸಿ,
ಉಳಿದ ಹಗಲೆಲ್ಲ ಚೆಸ್ಟ್‌ನಟ್ ಕಾಡಿನ ಕತ್ತೆದಾರಿಗಳಲ್ಲಿ.
"ಓಡಿಸೋದು ಮೂರು ಗಂಟೆ, ತೊಳೆಯೋದು ನಾಲ್ಕು,
ಇದೆಂಥ ಸುಖವೇ?" ಎನ್ನುತ್ತಾಳೆ ಚಿಕ್ಕಮ್ಮ.
ಹಿಟ್ಟು ಕಲಿಸಿದ್ದು ಗಾಡಿಗೂ ಬಂತು:
ಗಾಳಿ ಸೋಸುವ ಸ್ಪಂಜನ್ನು ಎಣ್ಣೆಯಲ್ಲಿ ಅದ್ದಿ
ಒತ್ತಬೇಕು, ಒತ್ತಬೇಕು, ತಿರುಚಬಾರದು;
ತಿರುಚಿದರೆ ಅಂಟಿನ ಹೊಲಿಗೆ ಬಿಡುತ್ತದೆ.
ಆ ಸಂದಿನಿಂದ ನುಗ್ಗಿದ ಒಂದು ಚಿಟಿಕೆ ಧೂಳು
ಉಪ್ಪುಕಾಗದದ ಹಾಗೆ ಸಿಲಿಂಡರನ್ನು ಉಜ್ಜಿಹಾಕುತ್ತದೆ.
ಬೇರಿಂಗಿಗೆ ನೇರ ನೀರು ಹೊಡೆಯಬೇಡ.
ಚೈನಿನ ಸಡಿಲಕ್ಕೆ ಮೂರು ಬೆರಳು,
ನನ್ನ ಬೆರಳಾದರೆ ಮೂರೂವರೆ.
ಕಡ್ಡಿಗಳಿಗೆ ಸ್ಪ್ಯಾನರಿನಿಂದ ಒಂದೊಂದೇ ಏಟು:
ಠಣ್, ಠಣ್, ಠಣ್, ಠಪ್.
ಠಪ್ ಎಂದದ್ದನ್ನು ಬಿಗಿ ಮಾಡು.

ನೂರಾ ಹನ್ನೆರಡನೇ ಗಂಟೆಗೆ ಒಂದು ಸದ್ದು.
ತಗಡಿನ ಡಬ್ಬಿಯಲ್ಲಿ ಬಟಾಣಿ ಅಲುಗಿದ ಹಾಗೆ,
ಎಂಜಿನ್ ತಣ್ಣಗಿದ್ದಾಗ ಮಾತ್ರ.
ಟ್ಯಾಂಕು ಇಳಿಸಿದೆ. ಸೈಲೆನ್ಸರಿನ ಹೊಟ್ಟೆ ಬಿಚ್ಚಿದೆ.
ಸಿಲಿಂಡರಿನ ಬುಡಕ್ಕೆ ಟಾರ್ಚು ಹಿಡಿದರೆ
ನಾಲ್ಕು ನಟ್ಟು. ನಾಲ್ಕರ ಮೇಲೂ
ಕಾರ್ಖಾನೆಯವರು ಇಟ್ಟ ಹಳದಿ ಚುಕ್ಕೆ,
ಒಂದಿಷ್ಟೂ ಮುಕ್ಕಾಗದೆ.
ಈವರೆಗೆ ಯಾರ ಸ್ಪ್ಯಾನರೂ ಇಲ್ಲಿ ತಾಗಿಲ್ಲ.

ಮುತ್ತಿನಂಥ ಅಕ್ಷರವೇ!

ಪಿಸ್ಟನ್ನು ಕೈಗೆ ಬಂತು. ಮಸಿ ಹಿಡಿದ ತಲೆ,
ಪಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು.
ಕೋಟಿನ ಜೇಬಿಗೆ ಹಾಕಿಕೊಂಡು ಚರ್ಚಿಗೆ ನಡೆದೆ.
ಸಂಜೆಯ ಗಂಟೆ ಮುಗಿಸಿ ಹಗ್ಗ ಸುತ್ತುತ್ತಿದ್ದವನು
ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ.
ನಾಚಿಕೆಯಿಲ್ಲ.
"ಹೊಸದು ತಂದಿಟ್ಟಿದ್ದೆ, ಓರ್ನೆಲ್ಲಾ.
ಬೆಳಿಗ್ಗೆ ಹಾಕೋಣ ಅಂತ ರಾತ್ರೀನೇ ಬರೆದೆ.
ಬೆಳಿಗ್ಗೆ ಬಿಸಿಲಿತ್ತು."
ಒಳಗೆ ಹೋಗಿ, ಮೇಣದಬತ್ತಿಯ ಪೆಟ್ಟಿಗೆಗಳ ಹಿಂದಿನಿಂದ
ಒಂದು ಡಬ್ಬಿ ತಂದ. ಮೊಹರು ಒಡೆದಿರಲಿಲ್ಲ.

ಎರಡು ಸಂಜೆ ಹಿಡಿಯಿತು.
ರಿಂಗಿನ ಬಾಯನ್ನು ಅದರ ಮೊಳೆಗೆ ಕೂರಿಸಿ,
ಉಸಿರು ಬಿಗಿಹಿಡಿದು ಸಿಲಿಂಡರ್ ಇಳಿಸಿ,
ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯುತ್ತ ಬಂದೆ.
ಮೂರನೇ ಒದೆತಕ್ಕೆ ನೀಲಿ ಹೊಗೆ.
ಬಟಾಣಿ ಇಲ್ಲ.

ಇವತ್ತು ಕಲ್ಲುಗಣಿಯ ಹಿಂದಿನ ಏರಿನಲ್ಲಿ
ಮುಂದಿನವರೆಬ್ಬಿಸಿದ ಧೂಳು ತಿನ್ನುತ್ತ ಐದು ಗಂಟೆ.
ಬಂದವಳೇ ಸ್ನಾನ ಮಾಡಿ, ಸೂಪು ಕುಡಿದು,
ನನ್ನದೇ ಹೊಸ ಪುಸ್ತಕ ತೆರೆದು ಬರೆದೆ:
ನೂರಾ ಹತ್ತೊಂಬತ್ತು. ಫಿಲ್ಟರ್ ತೊಳೆದೆ.
ಕೆಳಗೆ ಗೆರೆಯನ್ನೂ ಎಳೆದೆ.
ಹಾಸಿಗೆಗೆ ಹನ್ನೆರಡು ಹೆಜ್ಜೆ. ಎರಡಕ್ಕೆ ಏಳಬೇಕು.
ಅತ್ತ ಗೋಪುರದಲ್ಲಿ ಜೆರ್ವಾಸಿಯೊ ಒಂಬತ್ತು ಬಾರಿಸಿದ,
ಒಂದೂ ಬಿಡದೆ.

ಥೂ, ಎಂದು
ಚಪ್ಪಲಿ ಮೆಟ್ಟಿ
ಬಕೆಟ್ಟು ಹಿಡಿದು ಕೆಳಗಿಳಿದೆ.